ದೇವರ ಕೋಣೆಯಲ್ಲಿ ಮೈಕು

ಇಂಥವೆಲ್ಲ ನನಗೇ ಯಾಕೆ ಆಗುತ್ತವೆ ಎಂದು ದೇವರನ್ನು ಕೇಳುವುದನ್ನು ಬಿಟ್ಟುಬಿಟ್ಟಿದ್ದೇನೆ. ಕೇಳಿದ ದಿನವೇ ಇನ್ನೊಂದು ಆಗುತ್ತದೆ.

ನಾವು ಕಾಸರಗೋಡು ಕಡೆಯವರು. ನನ್ನ ಕೆಲಸ ತಿರುವನಂತಪುರದ ಒಂದು ಕೇಂದ್ರ ಸರಕಾರಿ ಕಚೇರಿಯಲ್ಲಿ, ಹೆಂಡತಿಯದು ಕೊಚ್ಚಿಯ ಒಂದು ಬ್ಯಾಂಕಿನಲ್ಲಿ. ಮದುವೆಯ ಹೊಸತರಲ್ಲಿ, "ಒಂದೆರಡು ವರ್ಷ ಹೀಗೆ, ಆಮೇಲೆ ಇಬ್ಬರಲ್ಲಿ ಒಬ್ಬರಿಗೆ ವರ್ಗವಾಗುತ್ತದೆ" ಎಂದುಕೊಂಡಿದ್ದೆವು. ಆ ಒಂದೆರಡು ವರ್ಷ ಮುಗಿಯುವಷ್ಟರಲ್ಲಿ ಮಗಳು ಕಾಲೇಜಿಗೆ ಸೇರಿದ್ದಳು.

ಶುಕ್ರವಾರ ಸಂಜೆಯ ರೈಲಿಗೆ ಕೊಚ್ಚಿಗೆ ಬರುವುದು, ಭಾನುವಾರ ಸಂಜೆ ವಾಪಸು ಲಾಡ್ಜಿಗೆ ಹೋಗುವುದು. ಸಂಸಾರ ಮಾಡಿದ್ದು ಹೆಚ್ಚಾಗಿ ಫೋನಿನಲ್ಲೇ. "ನಲ್ಲಿ ಸೋರ್ತಾ ಉಂಟು" ಎಂದು ಅವಳು ಹೇಳುತ್ತಿದ್ದಳು. "ಮಗಳಿಗೆ ಜ್ವರ" ಎನ್ನುತ್ತಿದ್ದಳು. "ಬಟ್ಟೆ ಒಗೆಯುವ ಮಿಶಿನು ಹೊಟ್ಟೆ ತುಂಬ ನೀರು ಕುಡಿದು ಸುಮ್ಮನೆ ಕೂತಿದೆ ಮಾರಾಯ್ರೆ, ತಿರುಗುದೇ ಇಲ್ಲ" ಎನ್ನುತ್ತಿದ್ದಳು. ಎಲ್ಲ ಕೇಳಿಸಿಕೊಂಡು ಕೊನೆಗೆ ನಾನು ಒಂದು ಉಸಿರು ಬಿಟ್ಟು, "ನಾರಾಯಣಾ..." ಎನ್ನುತ್ತಿದ್ದೆ. ಅದು ಅಜ್ಜನಿಂದ ಬಂದ ಅಭ್ಯಾಸ. ಅಜ್ಜ ಕೂತರೂ ನಾರಾಯಣ, ಎದ್ದರೂ ನಾರಾಯಣ, ಒಂದು ಕೆಲಸ ಮುಗಿದರಂತೂ ಕಡ್ಡಾಯವಾಗಿ ನಾರಾಯಣ. ಅಷ್ಟು ದೂರದಿಂದ ನಾನು ಕೊಡಬಹುದಾದ ಸಮಾಧಾನ ಅದೇ, ಅವಳಿಗೂ ಅದರಿಂದ ಎಷ್ಟೋ ಹಗುರವಾಗುತ್ತದೆ ಎಂದು ನಂಬಿದ್ದೆ.

ನನ್ನ ಆಸೆ ದೊಡ್ಡದಲ್ಲ. ವಾರದ ಮಧ್ಯೆ ಒಂದು ಸಾಧಾರಣ ದಿನ, ಬುಧವಾರವೋ ಗುರುವಾರವೋ, ಸಂಜೆ ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಒಂದೇ ದೀಪದ ಮುಂದೆ ಕೂತಿರಬೇಕು. ಸ್ವಯಂನಿವೃತ್ತಿ ತೆಗೆದುಕೊಂಡರೆ ಅದು ಆಗುತ್ತದೆ. ಆದರೆ ಮಗಳ ಓದು ಮುಗಿಯುವವರೆಗೆ ಪಿಂಚಣಿಯೊಂದೇ ಸಾಲದು, ಮೇಲೆ ಸ್ವಲ್ಪ ಬೇಕು. "ಹೆಚ್ಚು ಬೇಡ ದೇವರೇ, ಮನೆಯಲ್ಲೇ ಕೂತು ಮಾಡುವಂಥದ್ದು, ಗದ್ದಲ ಇಲ್ಲದ್ದು ಏನಾದರೂ ಕೊಡು" ಎಂದು ಬೇಡಿಕೊಂಡೆ. ದೇವರು ನಡೆಸಿಕೊಟ್ಟ. ಮನೆಯಲ್ಲೇ ಕೂತು ಮಾಡುವ ಕೆಲಸ ಸಿಕ್ಕಿತು. ಗದ್ದಲದ ವಿಷಯ ಅವನಿಗೆ ಸರಿಯಾಗಿ ಕೇಳಿಸಲಿಲ್ಲವೆಂದು ತೋರುತ್ತದೆ.

ಯಾರೂ ತೀರಿಕೊಂಡಿಲ್ಲ

ತಿರುವನಂತಪುರದಲ್ಲಿ ನಾವು ಕನ್ನಡದವರು ತಿಂಗಳಿಗೊಮ್ಮೆ ಸೇರುತ್ತೇವೆ. ಅಲ್ಲಿ ಪುರಾಣ ವಾಚನ ನನ್ನದು. ಒಂದು ಸಲ ವಾಚನ ಕೇಳಿದ ಒಬ್ಬರು, "ನಿಮ್ಮ ಗಂಟಲನ್ನು ಹೀಗೆ ಧರ್ಮಕ್ಕೆ ಸವೆಸಬೇಡಿ" ಎಂದು ಹೇಳಿ ಕೊಚ್ಚಿ ಹತ್ತಿರದ ಕಳಮಶ್ಶೇರಿಯ ಒಂದು ಸ್ಟುಡಿಯೋದ ವಿಳಾಸ ಕೊಟ್ಟರು. ಮನೆಬಳಕೆಯ ಯಂತ್ರಗಳ ಒಂದು ಕಂಪನಿಗೆ ಫೋನು ಮಾಡಿದರೆ ಒಂದು ದನಿ ಮಾತಾಡುತ್ತದಲ್ಲ, ಆ ದನಿಗಳನ್ನು ಸಿದ್ಧಮಾಡುವ ಜಾಗ ಅದು. ಅವರಿಗೆ ಕನ್ನಡದ ಗಂಟಲು ಬೇಕಾಗಿತ್ತು.

ಶನಿವಾರ ಸ್ನಾನ ಪೂಜೆ ಮುಗಿಸಿ ಹೋದೆ. ಉಸ್ತುವಾರಿಯವಳು ಕನ್ನಡ ಬಾರದ ಒಬ್ಬ ಹೆಣ್ಣುಮಗಳು. ಕಿವಿಗೆ ದೊಡ್ಡ ಹೆಡ್‌ಫೋನು ಹಾಕಿಕೊಂಡು ಗಾಜಿನ ಆಚೆ ಕೂತಳು. ನಾನು ಓದಿದೆ: "ನಿಮ್ಮ ಕರೆ ನಮಗೆ ಅಮೂಲ್ಯ. ದಯವಿಟ್ಟು ನಿರೀಕ್ಷಿಸಿ." ವರ್ಷಗಟ್ಟಲೆ ಪುರಾಣ ಓದಿದ ಗಂಟಲು. "ನಿರೀಕ್ಷಿಸಿ" ಎನ್ನುವಾಗ ಅದು ತಾನಾಗಿ ಎಳೆದು, ನಡುಗಿ, ಇಳಿಯಿತು.

ಅವಳು ಹೆಡ್‌ಫೋನು ತೆಗೆದಳು. "ಸಾರ್, ನನಗೆ ಅರ್ಥ ಗೊತ್ತಾಗುವುದಿಲ್ಲ. ಆದರೆ ಕೇಳಿದರೆ ಮನೆಯಲ್ಲಿ ಯಾರೋ ತೀರಿಕೊಂಡ ಹಾಗಿದೆ. ಇದು ಮಿಕ್ಸಿಯ ವಾರಂಟಿ ಸಾರ್. ಸ್ವಲ್ಪ ನಗುತ್ತಾ ಓದಿ."

ನಗುತ್ತಾ ಓದಿದೆ. ಅವಳು ಕಣ್ಣು ಮುಚ್ಚಿ ಕೇಳಿ, "ಈಗ ತೀರಿಕೊಂಡವರ ಆಸ್ತಿ ನಿಮಗೆ ಬಂದ ಹಾಗಿದೆ" ಎಂದಳು.

ಕೂಗದ ಮೀನಿನವನು

ಅಂತೂ ಕೆಲಸ ಸಿಕ್ಕಿತು. ಕೆಲವು ತಿಂಗಳು ನೋಡುತ್ತಾರೆ. ಸರಿಹೋದರೆ ಕಂಪನಿಯ ಕನ್ನಡದ ಮಾತೆಲ್ಲ ನನ್ನದೇ ಎಂದು ಕರಾರು. ಸರಿಹೋಗದಿದ್ದರೆ ನಾನು ಮತ್ತೆ ಲಾಡ್ಜಿಗೆ. ಕೂಡಿಟ್ಟಿದ್ದ ರಜೆಯನ್ನೆಲ್ಲ ಒಟ್ಟಿಗೆ ಹಾಕಿ ಕೊಚ್ಚಿಗೆ ಬಂದೆ. ಸ್ಟುಡಿಯೋದವರು ಒಂದು ಮೈಕು ಕೊಟ್ಟು, "ನಿಶ್ಶಬ್ದ ಇರುವ ಜಾಗದಲ್ಲಿ ಕೂತು ಓದಿ ಕಳಿಸಿ, ಸಾಕು" ಎಂದರು.

ನಿಶ್ಶಬ್ದ ಇರುವ ಜಾಗ! ಮುಂದಿನ ಕೋಣೆಗೆ ಬಸ್ಸಿನ ಹಾರನ್ನು, ಹಿಂದಿನದಕ್ಕೆ ಹಿತ್ತಲಿನಾಚೆಯ ಮನೆಯ ತೆಂಗಿನಕಾಯಿ ತುರಿಯುವ ಸದ್ದು. ಮಹಡಿಯ ಮೇಲೆ ತಗಡಿನ ಮಾಡು, ಅದರ ಮೇಲೆ ಕಾಗೆಗಳ ಓಡಾಟ. ಬಚ್ಚಲಿನಲ್ಲಿ ಆ ಒಗೆಯುವ ಮಿಶಿನು. ಅದು ತಿರುಗದ ದಿನ ತಿರುಗುತ್ತಿರಲಿಲ್ಲ, ತಿರುಗಿದ ದಿನ ಇಡೀ ಬಚ್ಚಲನ್ನೇ ಸುತ್ತಿ ಬರುತ್ತಿತ್ತು. ಕೊನೆಗೆ ಉಳಿದದ್ದು ದೇವರ ಕೋಣೆ. ಕಿಟಕಿಯಿಲ್ಲ, ಬಾಗಿಲು ಮುಚ್ಚಿದರೆ ನನ್ನ ಉಸಿರೇ ನನಗೆ ಕೇಳುವಷ್ಟು ಮೌನ.

ಹೆಂಡತಿಗೆ ಮೊದಲು ಸರಿಕಾಣಲಿಲ್ಲ. "ದೇವರ ಎದುರು ಕೂತು ಮಿಕ್ಸಿ ಕತೆ ಹೇಳುದಾ?"

"ನಾವು ನಮ್ಮ ಕತೆ ಹೇಳುವುದಿಲ್ಲವಾ, ಅದಕ್ಕಿಂತ ಮಿಕ್ಸಿಯದ್ದೇ ವಾಸಿ" ಎಂದೆ. ದಿನಾ ದೀಪ ಹಚ್ಚಿ, ಅಪ್ಪಣೆ ಕೇಳಿ, ಆಮೇಲೆ ಮೈಕಿನ ಸ್ವಿಚ್ಚು ಒತ್ತುತ್ತಿದ್ದೆ.

ಮೊದಲ ವಾರವೇ ಒಂದು ಯಾತ್ರಿನಿವಾಸದ ಕೆಲಸವೂ ಬಂತು. ಬಹಳ ಶ್ರದ್ಧೆಯಿಂದ ಓದಿ ಕಳಿಸಿದೆ. ಮರುದಿನ ಉಸ್ತುವಾರಿಯವಳ ಫೋನು: "ಸಾರ್, ಒಮ್ಮೆ ನೀವೇ ಕೇಳಿ." ಕೇಳಿದೆ. "ನಮ್ಮಲ್ಲಿ ಶುದ್ಧ ಸಸ್ಯಾಹಾರಿ ಭೋಜನ ದೊರೆಯುತ್ತದೆ" ಎಂದು ನಾನು ಹೇಳಿ ಮುಗಿಸಿದ ಕೂಡಲೇ, ಹಿಂದಿನಿಂದ ಇನ್ನೊಂದು ಗಂಟಲು ನನಗಿಂತ ಸ್ಪಷ್ಟವಾಗಿ, "ಪೆಡಕ್ಕಣ ಮೀನೇ... ಮತ್ತಿ, ಅಯಲ!" ಎಂದು ಕೂಗಿತ್ತು. ನೆಗೆದಾಡುವ ಮೀನು, ಬೂತಾಯಿ, ಬಂಗುಡೆ ಎಂದು ಅರ್ಥ. ಯಾತ್ರಿಕರು ಏನೆಂದುಕೊಳ್ಳಬೇಕು?

ಮರುದಿನ ಸ್ಕೂಟರಿನ ಮೀನಿನವನಿಗಾಗಿ ಗೇಟಿನಲ್ಲಿ ಕಾದು ನಿಂತೆ. ನನ್ನನ್ನು ಕಂಡು ಅವನಿಗೆ ಸಂತೋಷ. "ಏನು ಸ್ವಾಮೀ, ಕೊನೆಗೂ ತಿನ್ನಲು ಶುರುಮಾಡಿದಿರಾ?" ಎಂದ ಮಲಯಾಳದಲ್ಲಿ. ವಿಷಯ ಹೇಳಿದೆ. ಅವನು ಸ್ಕೂಟರು ನಿಲ್ಲಿಸಿ ಯೋಚಿಸಿದ.

"ಕೊಳ್ಳುವುದೂ ಇಲ್ಲ, ಕೂಗಲೂಬಾರದು!"

"ನಮ್ಮ ಮನೆಯ ಎದುರು ಮಾತ್ರ. ದೇವರ ಕೋಣೆಯಲ್ಲಿ ಕೂತು ಮಾಡುವ ಕೆಲಸ."

ದೇವರೆಂದ ಕೂಡಲೇ ಅವನ ಮುಖ ಬದಲಾಯಿತು. ಕುತ್ತಿಗೆಯ ಶಿಲುಬೆ ಮುಟ್ಟಿಕೊಂಡು, "ಹಾಗಾದರೆ ಕೂಗುವುದಿಲ್ಲ" ಎಂದ. ಮಾತಿನ ಮನುಷ್ಯ. ಮರುದಿನ ಅದೇ ಹೊತ್ತಿಗೆ ನಾನು ಓದುತ್ತಿದ್ದಾಗ ಬೀದಿಯಲ್ಲಿ ಒಂದು ಸದ್ದಿಲ್ಲ. ನನಗೆ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಮನೆಯ ಕರೆಗಂಟೆ ಬಡಿಯಿತು. ಹೋಗಿ ಬಾಗಿಲು ತೆಗೆದರೆ ಅವನೇ ನಿಂತಿದ್ದಾನೆ.

"ಸ್ವಾಮೀ, ಹೇಳಿ ಹೋಗೋಣ ಅಂತ ಬಂದೆ. ಇವತ್ತು ನಾನು ಕೂಗಲಿಲ್ಲ."

ಆಮೇಲೆ ದಿನಾ ಬಂದು ಹೇಳಿ ಹೋಗುತ್ತಿದ್ದ.

ಚೇಚಿಯ ಮಗನ ವೀಸಾ

ದೇವರ ಕೋಣೆಯ ಗೋಡೆಯ ಆಚೆ ಪಕ್ಕದ ಮನೆಯ ಅಕ್ಕನ, ಮಲಯಾಳದಲ್ಲಿ ಚೇಚಿಯ, ಅಡುಗೆಮನೆ. ನಾನು ಒಂದು ವಾಕ್ಯವನ್ನು ನಗುವಿನ ಅಳತೆ ಸರಿಯಾಗುವವರೆಗೆ ಮತ್ತೆ ಮತ್ತೆ ಹೇಳಬೇಕಾಗುತ್ತಿತ್ತು. ಅವರಿಗೆ ಕನ್ನಡ ಬಾರದು. ದೇವರ ಕೋಣೆಯಿಂದ, ಮುಚ್ಚಿದ ಬಾಗಿಲಿನೊಳಗಿನಿಂದ, ಬೆಳಗ್ಗೆ ಮಿಂದ ಗಂಡಸಿನ ಗಂಭೀರ ದನಿ ಒಂದೇ ಮಾತನ್ನು ಜಪಿಸುತ್ತಿದ್ದರೆ ಯಾರಾದರೂ ಏನೆಂದುಕೊಳ್ಳುತ್ತಾರೆ?

ಒಂದು ಬೆಳಗ್ಗೆ ಚೇಚಿ ಬಾಳೆಲೆಯಲ್ಲಿ ಹೂವು, ಒಂದು ಚಿಪ್ಪು ನೇಂದ್ರ ಬಾಳೆಹಣ್ಣು ಹಿಡಿದು ಬಂದರು. "ಸಾರೇ, ನನ್ನ ಮಗನ ವೀಸಾ ಸಿಕ್ಕಿಹಾಕಿಕೊಂಡಿದೆ. ನಿಮ್ಮ ಜಪದಲ್ಲಿ ಅವನ ನಕ್ಷತ್ರವನ್ನೂ ಸೇರಿಸಬೇಕು."

ನಾನು ಗಾಬರಿಯಾಗಿ, "ಚೇಚೀ, ಅದು ಜಪವಲ್ಲ, ಟೆಲಿಫೋನು ಕೆಲಸ" ಎಂದೆ.

ಅವರು ನಕ್ಕರು. "ದೊಡ್ಡವರು ಹಾಗೇ ಹೇಳುವುದು" ಎಂದು ಹೂವನ್ನು ಹೊಸ್ತಿಲಲ್ಲಿಟ್ಟು ಹೊರಟುಹೋದರು. ತಂದ ಹೂವನ್ನು ಬಿಸಾಡಬಾರದು. ದೇವರಿಗೆ ಏರಿಸಿ, ಆ ಹುಡುಗನಿಗಾಗಿ ನಿಜವಾಗಿಯೇ ಕೈ ಮುಗಿದೆ. ಅಷ್ಟು ಮಾಡುವುದಕ್ಕೆ ಯಾರ ಅಪ್ಪಣೆ ಬೇಕು?

ಆ ವಾರವೇ ವೀಸಾ ಬಂತು.

ಅಲ್ಲಿಗೆ ನನ್ನ ನಿಶ್ಶಬ್ದ ಮುಗಿಯಿತು. ಮಂಡಿನೋವಿನವರು ಬಂದರು, ಮಗಳ ಮದುವೆ ಕೂಡಿಬಾರದವರು ಬಂದರು, ಪರೀಕ್ಷೆಯ ಹಿಂದಿನ ದಿನ ಹಾಲ್‌ಟಿಕೆಟ್ಟು ಹಿಡಿದು ಇಬ್ಬರು ಬಂದರು. ಹೆಂಡತಿ ಬ್ಯಾಂಕಿಗೆ ಹೊರಡುವಾಗ ಜಗಲಿಯಲ್ಲಿ ಕೂತವರನ್ನು ನೋಡಿ, "ನಮ್ಮ ಬ್ರಾಂಚಿನಲ್ಲೂ ಇಷ್ಟು ಜನ ಇರುದಿಲ್ಲ. ಟೋಕನು ಕೊಡಿ ಮಾರಾಯ್ರೆ" ಎಂದಳು. ಮಗಳು ಮಲಯಾಳದಲ್ಲಿ ಏನೋ ಹೇಳಿ ನಕ್ಕಳು. ಅಪ್ಪನಿಗೆ ಒಂದು ಗಡ್ಡ ಮಾತ್ರ ಬಾಕಿ ಎಂದು ಅದರ ತಾತ್ಪರ್ಯ.

ನಂಬಿ ಬಂದವರನ್ನು ಸುಳ್ಳಿನಲ್ಲಿ ಕೂರಿಸಬಾರದು. ಒಂದು ದಿನ ಚೇಚಿಯನ್ನು ಕರೆದು ಮೈಕು ತೋರಿಸಿದೆ, ಕೇಳಿಸಿದೆ, ಒಂದೊಂದು ಶಬ್ದದ ಅರ್ಥವನ್ನೂ ಮಲಯಾಳದಲ್ಲಿ ಬಿಡಿಸಿ ಹೇಳಿದೆ. "ನೋಡಿ ಚೇಚೀ. 'ನಿಮ್ಮ ಕರೆ ನಮಗೆ ಅಮೂಲ್ಯ. ದಯವಿಟ್ಟು ನಿರೀಕ್ಷಿಸಿ. ನಮ್ಮವರು ಬೇಗನೆ ನಿಮ್ಮೊಡನೆ ಮಾತಾಡುತ್ತಾರೆ.' ಇಷ್ಟೇ ನಾನು ಹೇಳುವುದು."

ಚೇಚಿಯ ಕಣ್ಣು ಒದ್ದೆಯಾಯಿತು. "ಸಾರೇ, ಇದಕ್ಕಿಂತ ಹೆಚ್ಚು ದೇವರಾದರೂ ಏನು ಹೇಳುತ್ತಾನೆ?"

ಬೇಡಿ ಪಡೆಯದ ಉಸಿರು

ರಜೆ ಮುಗಿಯುತ್ತಾ ಬಂತು. ಕರಾರಿನ ಮಾತೇ ಇಲ್ಲ. ಒಂದು ದಿನ ಉಸ್ತುವಾರಿಯವಳು, "ಸಾರ್, ಕೂಡಲೇ ಬರಬೇಕು. ಕಂಪನಿಯವರು ನಿಮ್ಮ ವಿಷಯ ಮಾತಾಡಬೇಕಂತೆ" ಎಂದಳು. ಹೋದೆ. ಅವಳ ಮುಖ ಬಾಡಿತ್ತು. ಕಂಪ್ಯೂಟರಿನಲ್ಲಿ ಒಂದು ಮಾತು ಹಾಕಿದಳು. ನನ್ನದೇ ದನಿ: "ನಿಮ್ಮ ದೂರು ದಾಖಲಾಗಿದೆ." ಬಳಿಕ ಒಂದು ಉಸಿರು. ಬಳಿಕ, ಮಂಡಿಗೆ ಕೈಯೂರಿ ಏಳುವವನ ದನಿಯಲ್ಲಿ, "ನಾರಾಯಣಾ..."

ಕೆಲಸ ಮುಗಿಯಿತೆಂದು ನಾನು ಹೇಳಿಕೊಂಡದ್ದು. ಸ್ವಿಚ್ಚು ಆರಿಸುವ ಮೊದಲೇ ಹೇಳಿಬಿಟ್ಟಿದ್ದೆ.

"ನೀನು ಕತ್ತರಿಸಲಿಲ್ಲವಾ ತಾಯಿ?" ಎಂದೆ.

"ನಾನೇನು ಬಲ್ಲೆ ಸಾರ್? ಕನ್ನಡದಲ್ಲಿ ದೂರು ಹೀಗೇ ಮುಗಿಯುವುದು ಅಂದುಕೊಂಡೆ."

ಅದು ಒಂದು ತಿಂಗಳಿಂದ ಊರೆಲ್ಲ ಕೇಳಿಸುತ್ತಿತ್ತಂತೆ. ಕಂಪನಿಯ ಮನುಷ್ಯ ಫೋನಿಗೆ ಬಂದ. ಮೈಸೂರು ಕಡೆಯ ಕನ್ನಡ. ನಾನು ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಅವನು ಶುರುಮಾಡಿದ. "ಸ್ವಾಮಿ, ಏನ್ ಮಾಡಿದ್ರಿ ನೀವು? ಮುಂಚೆ ದೂರು ಬರೆಸಿದವರು ಮತ್ತೆ ಫೋನ್ ಮಾಡಿ ನಮ್ಮ ಹುಡುಗೀರನ್ನ ಬೈಯೋರು. ಈಗ ಬೈಯೋದೇ ಕಮ್ಮಿ. ಒಬ್ಬರು ಹಿರಿಯರು 'ಪಾಪ, ಆ ಯಪ್ಪನಿಗಾದ್ರೂ ನನ್ನ ಕಷ್ಟ ಅರ್ಥ ಆಯ್ತು' ಅಂದ್ರಂತೆ. ಅದೇ ಥರ ಎಲ್ಲಾದಕ್ಕೂ ಒಂದೊಂದು ಹಾಕಿಕೊಡಿ. ವಾರಂಟಿ ಮುಗಿದಿದ್ದಕ್ಕೆ ಒಂದು, ಮೆಕ್ಯಾನಿಕ್ ಬರದೇ ಇದ್ದದ್ದಕ್ಕೆ ಒಂದು. ಕರಾರು ಈಗಲೇ ಮಾಡೋಣ."

ನಾನು ಎಷ್ಟು ದಿನದಿಂದ ಬೇಡಿಕೊಂಡ ಮಾತು ಅದು. ಆದರೂ ನಾಳೆ ಹೇಳುತ್ತೇನೆಂದು ಮನೆಗೆ ಬಂದೆ.

ಸಂಜೆ ದೀಪದ ಮುಂದೆ ಕೂತು ಹೆಂಡತಿಗೆ ಹೇಳಿದೆ: "ಮೆಕ್ಯಾನಿಕ್ಕು ಬರದಿದ್ದಾಗ ದೇವರ ಹೆಸರು ಹೇಳಿ ಜನರನ್ನು ಸುಮ್ಮನಿರಿಸುವುದಕ್ಕೆ ಕೂಲಿ ತೆಗೆದುಕೊಳ್ಳಬೇಕಂತೆ. ಒಲ್ಲೆನೆಂದರೆ ಮತ್ತೆ ಲಾಡ್ಜು."

ಅವಳು ಬತ್ತಿ ಸರಿಮಾಡುತ್ತಾ, "ಆ ಮೊದಲಿನ ನಾರಾಯಣ ಯಾಕೆ ಹೇಳಿದ್ದು ನೀವು?" ಎಂದಳು.

"ಯಾಕೆಂದರೆ... ಸೊಂಟ ನೋಯ್ತಾ ಇತ್ತು."

"ಹಾಗಾದ್ರೆ ಅದು ನಿಮ್ಮದೂ ಅಲ್ಲ, ಕಂಪನಿದೂ ಅಲ್ಲ. ತಾನಾಗಿ ಬಂದದ್ದು. ಇರ್ಲಿ ಬಿಡಿ. ಹೇಳಿ ಮಾಡಿಸುದು ಬೇಡ. ಲಾಡ್ಜಾದ್ರೆ ಲಾಡ್ಜು. ಇಷ್ಟು ವರ್ಷ ಇರ್ಲಿಲ್ವಾ ನಾವು?"

ಕೊನೆಯ ಮಾತು ಹೇಳುವಾಗ ಅವಳು ನನ್ನ ಕಡೆ ನೋಡಲಿಲ್ಲ. ಆ ದಿನ ಗುರುವಾರ.

ಮರುದಿನ ಕಂಪನಿಯವನಿಗೆ ಹಾಗೆಯೇ ಹೇಳಿದೆ. ಮೊದಲಿನದ್ದು ಬೇಕಾದರೆ ಇರಲಿ, ಅದಕ್ಕೆ ಒಂದು ಕಾಸೂ ಬೇಡ. ಅದು ಕೇಳಿದವರ ಮನೆಗೆ ಮೆಕ್ಯಾನಿಕ್ಕು ಮಾತ್ರ ಹೋಗಲೇಬೇಕು. ಬೇರೆಯದಕ್ಕೆ ನನ್ನಿಂದಾಗದು. ಅವನು, "ಒಂದೇ ಒಂದು, ಚಿಕ್ಕದು ಟ್ರೈ ಮಾಡಿ ಸ್ವಾಮಿ" ಎಂದ. ನಾನು ನಮಸ್ಕಾರ ಹೇಳಿ ಫೋನು ಇಟ್ಟೆ. ಅವರು ಬೇರೆ ಒಬ್ಬ ಹುಡುಗನ ಬಾಯಲ್ಲಿ ಅದನ್ನು ಹೇಳಿಸಿ ನೋಡಿದರಂತೆ. ವಾರ ಕಳೆದು ಅವನೇ ಫೋನು ಮಾಡಿ, "ನಿಮ್ಮ ಶರತ್ತೇ ಸರಿ, ಕರಾರಿಗೆ ಸೈನ್ ಹಾಕಿ. ಆ ಹುಡುಗ ನಾರಾಯಣ ಅಂದ್ರೆ ಆಟೋ ಕರೆದ ಹಾಗೆ ಕೇಳ್ಸುತ್ತೆ" ಎಂದ.

ಕಚೇರಿಯಲ್ಲಿ

ಸ್ವಯಂನಿವೃತ್ತಿಯ ಅರ್ಜಿ ಕೊಡಲು ತಿರುವನಂತಪುರಕ್ಕೆ ಹೋದೆ. ಮೇಲಧಿಕಾರಿ ಒಳ್ಳೆಯವರು. ಮೂಗಿನ ತುದಿಯ ಕನ್ನಡಕದಿಂದ ನೋಡಿ, "ಮನೆಯಲ್ಲಿ ಕೂತು ಏನು ಮಾಡುತ್ತೀರಿ?" ಎಂದರು.

"ಫೋನು ಮಾಡಿದ ಜನರಿಗೆ 'ನಿಮ್ಮ ಕರೆ ನಮಗೆ ಅಮೂಲ್ಯ' ಎಂದು ಹೇಳುತ್ತೇನೆ ಸಾರ್."

ಅವರು ಪೆನ್ನು ಕೆಳಗಿಟ್ಟರು. "ಹಾಗೆ ಹೇಳುವುದಕ್ಕೆ ದುಡ್ಡು ಕೊಡುತ್ತಾರಾ? ಈ ಕಚೇರಿಯಲ್ಲಿ ಸರ್ವೀಸು ಪೂರ್ತಿ ಕಳೆದೆ. ಪುಕ್ಕಟೆಯಾಗಿ ಸಹ ಆ ಮಾತು ಯಾರ ಬಾಯಲ್ಲೂ ಕೇಳಲಿಲ್ಲ."

ದೂರು ದಾಖಲಾಗಿದೆ

ಈಗ ಎಲ್ಲ ಒಂದು ಹದಕ್ಕೆ ಬಂದಿದೆ. ಬುಧವಾರವೂ ದೀಪದ ಮುಂದೆ ಇಬ್ಬರು. ಉಳಿದವರಿಗೂ ಮೈಕು ತೋರಿಸಿ ಅರ್ಥ ಹೇಳಿದ ಮೇಲೆ ಜಗಲಿಯಲ್ಲಿ ಈಗ ಚೇಚಿಯೊಬ್ಬರೇ, ಅದೂ ಮಂಗಳವಾರ ಮಾತ್ರ. ಮೀನಿನವನು ಗಂಟೆ ಬಾರಿಸುವುದನ್ನು ಬಿಟ್ಟು, ಗೇಟಿನಾಚೆಯಿಂದ ಕೈ ಎತ್ತಿ ತೋರಿಸಿ ಹೋಗುತ್ತಾನೆ.

ಒಗೆಯುವ ಮಿಶಿನು ಮಾತ್ರ ಹಾಗೇ ಇತ್ತು. ಅದು ನಮ್ಮ ಕಂಪನಿಯದ್ದೇ. ನಮ್ಮ ಕಂಪನಿ ಎಂದೇ ನಾನು ಹೇಳುವುದು, ಅನ್ನ ಕೊಡುತ್ತದಲ್ಲ. ಹೆಂಡತಿ, "ಒಂದು ದೂರು ಕೊಡಿ" ಎಂದಾಗಲೆಲ್ಲ ನಾನು, "ಉಂಡ ಮನೆಯ ಮೇಲೆ ದೂರು ಹೇಳಬಾರದು" ಎನ್ನುತ್ತಿದ್ದೆ. ಅವಳು ಸುಮ್ಮನಾಗುತ್ತಿದ್ದಳು. ಸುಮ್ಮನಾದಳೆಂದು ನಾನು ತಿಳಿದಿದ್ದೆ.

ಮೊನ್ನೆ ನಾನು ಓದುತ್ತಿದ್ದಾಗ ಕರೆಗಂಟೆ ಬಡಿಯಿತು. ಬಾಗಿಲಲ್ಲಿ ಚೀಲ ಹಿಡಿದ ಮೆಕ್ಯಾನಿಕ್ಕು. ನೇರವಾಗಿ ಬಚ್ಚಲಿಗೆ ಹೋದ, ಏನನ್ನೋ ಬಿಚ್ಚಿದ, ಏನನ್ನೋ ಬದಲಿಸಿದ. ಮಿಶಿನು ನಿಂತಲ್ಲೇ ನಿಂತು, ಸಂನ್ಯಾಸಿಯ ಹಾಗೆ, ಸದ್ದಿಲ್ಲದೆ ತಿರುಗಿತು.

ಸಂಜೆ ಹೆಂಡತಿ ಬ್ಯಾಂಕಿನಿಂದ ಬಂದಳು. ಬಚ್ಚಲಿಗೆ ಹೋಗಿ ನೋಡಿದಳು. ದೀಪ ಹಚ್ಚಿದಳು. ಪಕ್ಕದಲ್ಲಿ ಕೂತಳು.

"ನೀನು ದೂರು ಕೊಟ್ಟೆಯಾ?" ಎಂದೆ.

"ಕೊಟ್ಟೆ. ಬ್ಯಾಂಕಿಂದಲೇ ಫೋನು ಮಾಡಿದೆ. ಕನ್ನಡಕ್ಕೆ ಯಾವ ನಂಬರು ಒತ್ತಬೇಕೋ ಅದನ್ನೇ ಒತ್ತಿದೆ. ಎಲ್ಲ ಹೇಳಿ ಆದ ಮೇಲೆ ನೀವೇ ಬಂದ್ರಿ. 'ನಿಮ್ಮ ದೂರು ದಾಖಲಾಗಿದೆ. ನಾರಾಯಣಾ...'"

ನನ್ನ ಹಾಗೆಯೇ ಉಸಿರು ಬಿಟ್ಟು ತೋರಿಸಿದಳು. ನನಗೆ ಒಳಗೊಳಗೇ ಹೆಮ್ಮೆ. "ಕೇಳಿ ಹೇಗಾಯಿತು ನಿನಗೆ?"

"ಹೇಗಾಗುದು? ಮದುವೆಯಾದಲ್ಲಿಂದ ಇದೇ ಮಿಶಿನು, ಇದೇ ಫೋನು, ಇದೇ ನಾರಾಯಣ." ಅವಳು ದೀಪಕ್ಕೆ ಕೈ ಮುಗಿದಳು. "ಮೆಕ್ಯಾನಿಕ್ಕು ಬಂದದ್ದು ಮಾತ್ರ ಇದೇ ಮೊದಲು."